ಮರ ಹತ್ತುವ ಮುಂಚೆ ದುಡ್ಡಿನ ಮಾತು

ಅಳಿಯಾ, ನಿನ್ನವ್ವ ನಿನ್ನೆ ರಾತ್ರಿ ಫೋನು ಮಾಡಿದ್ದಳು. ಮರ ಕೊಯ್ಯುವ ಮಷಿನ್ ತಂದು ನಾಲ್ಕು ತಿಂಗಳಾಯಿತು, ಬೆಳಗಾದರೆ ಹಗ್ಗ ಹೆಗಲಿಗೆ ಹಾಕಿಕೊಂಡು ದಾವಣಗೆರೆಗೆ ಹೋಗುತ್ತಾನೆ, ಕೆಲಸಕ್ಕೇನೂ ಬರ ಇಲ್ಲ, ಆದರೂ ಸಂಘದ ವಾರದ ಕಂತಿನ ದಿನ ನನ್ನ ಮುಂದೆಯೇ ಕೈ ಚಾಚುತ್ತಾನೆ ಅಂದಳು. ಬೆಳಿಗ್ಗೆ ನಿನ್ನನ್ನು ಕೂರಿಸಿಕೊಂಡು ಲೆಕ್ಕ ಕೇಳಿದೆ. ನಿಜಲಿಂಗಪ್ಪ ಬಡಾವಣೆಯ ಒಂದು ಮನೆಯಲ್ಲಿ 2,500, ವಿದ್ಯಾನಗರದಲ್ಲಿ 4,000, ಹರಿಹರದಲ್ಲಿ 1,800. ಒಟ್ಟು 8,300 ರೂಪಾಯಿ. ನೀನು ಬೆವರು ಸುರಿಸಿದ ದುಡ್ಡು ಇನ್ನೊಬ್ಬರ ಬೀರುವಿನಲ್ಲಿದೆ. ಮೂರು ಮನೆಯವರೂ ಬಡವರಲ್ಲ, ಮೋಸಗಾರರೂ ಅಲ್ಲ. "ಕೊಡಾಣ ಬಿಡಪ್ಪ, ನಾವೆಲ್ಲಿ ಓಡಿ ಹೋಗ್ತೀವಿ" ಅಂದರಂತೆ. ನೀನು ತಲೆಯಾಡಿಸಿ ಬಂದೆಯಂತೆ.

ಎದುರು ಕೂತು ಹೇಳಿದರೆ ನನಗೂ ತಲೆಯಾಡಿಸಿ ಎದ್ದು ಹೋಗುತ್ತೀಯ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಮಡಚಿ ಜೇಬಿನಲ್ಲಿ ಇಟ್ಟುಕೋ.

ನಾನು ಈ ಕೆಲಸಕ್ಕೆ ಇಳಿದಾಗ ಮಷಿನ್ ಇರಲಿಲ್ಲ. ಕೊಡಲಿ, ಮಚ್ಚು, ಇಬ್ಬರು ಎಳೆಯುವ ಉದ್ದ ಗರಗಸ, ಸೆಣಬಿನ ಹಗ್ಗ, ಇಷ್ಟೇ ಸಾಮಾನು. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. 1997ರ ಆಗಸ್ಟ್ 15ರಂದು ಬೇರೆ ಜಿಲ್ಲೆಯಾಯಿತು, ಊರು ನಾಲ್ಕೂ ದಿಕ್ಕಿಗೆ ಬೆಳೆಯಿತು. ಹೊಸ ಮನೆ ಕಟ್ಟಿದವರು ಗೇಟಿನ ಪಕ್ಕ ಹೊಂಗೆ, ಬೇವು, ಬಾದಾಮಿ ಅಂತ ನೆಟ್ಟರು. ಹದಿನೈದು ಇಪ್ಪತ್ತು ವರ್ಷದಲ್ಲಿ ಆ ಗಿಡಗಳು ವೈರಿಗೆ, ನೀರಿನ ಟ್ಯಾಂಕಿಗೆ, ಪಕ್ಕದ ಮನೆಯ ಶೀಟಿಗೆ ತಾಗಿದವು. ನಮ್ಮೂರು ಆನಗೋಡಿನಿಂದ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಹೋಗುತ್ತಿದ್ದ ನಮ್ಮಂಥವರಿಗೆ ಕೆಲಸ ಹೆಚ್ಚಿದ್ದು ಹಾಗೆ.

ಜಿಲ್ಲೆಯಾಗುವ ಒಂದೆರಡು ವರ್ಷ ಮುಂಚಿನ ಮಾತು. ರೋಹಿಣಿ ಮಳೆಯ ಗಾಳಿಗೆ ದಾವಣಗೆರೆಯ ಹಳೇ ಮನೆಯೊಂದರ ಹಿತ್ತಲ ಹುಣಸೆಮರ ಸೀಳಿತ್ತು. ಎತ್ತಿನ ಮೈಯಷ್ಟು ದಪ್ಪದ ಟೊಂಗೆ ಬಚ್ಚಲುಮನೆಯ ಹೆಂಚಿನ ಮೇಲೆ ವಾಲಿ ನಿಂತಿತ್ತು. ಮನೆಯ ಹೆಂಗಸರು ಬಚ್ಚಲಿಗೆ ಕಾಲಿಡಲು ಹೆದರಿ ಅಂಗಳದಲ್ಲಿ ನಿಂತಿದ್ದರು. ನಾನೂ ಇನ್ನಿಬ್ಬರೂ ಎರಡು ದಿನ ಒದ್ದಾಡಿದೆವು. ಮೇಲಿನ ಕವಲಿಗೆ ಹಗ್ಗ ಬಿಗಿದು, ಟೊಂಗೆಯನ್ನು ತುಂಡು ತುಂಡಾಗಿ ಕೊಯ್ದು, ಒಂದೊಂದು ತುಂಡನ್ನೂ ತೊಟ್ಟಿಲ ಕೂಸಿನ ಹಾಗೆ ಕೆಳಗಿಳಿಸಿದೆವು. ಒಂದು ಹೆಂಚೂ ಒಡೆಯಲಿಲ್ಲ. ಯಜಮಾನರು ಬೆನ್ನು ತಟ್ಟಿದರು, ಮಂಡಕ್ಕಿ ಮೆಣಸಿನಕಾಯಿ ತರಿಸಿ ಕೊಟ್ಟರು. "ಎಷ್ಟಾತಪ್ಪ?" ಅಂತಲೂ ಕೇಳಿದರು. ನಾನು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ "ನೋಡಿ ಕೊಡ್ರಿ ಯಜಮಾನ್ರೇ" ಅಂದೆ.

"ನಾಳೆ ಬಾ" ಅಂದರು. ಆ ನಾಳೆಗೆ ಹನ್ನೊಂದು ಸಲ ಹೋದೆ. ಒಂದು ದಿನ ಯಜಮಾನರು ಊರಲ್ಲಿರಲಿಲ್ಲ. ಇನ್ನೊಂದು ದಿನ ಚಿಲ್ಲರೆ ಇರಲಿಲ್ಲ. ಶುಕ್ರವಾರ ಹೋದರೆ "ಲಕ್ಷ್ಮೀ ಪೂಜೆ ಐತಿ, ಇವತ್ತು ದುಡ್ಡು ಹೊರಗೆ ಕೊಡಂಗಿಲ್ಲ" ಅಂದರು. ಸಂಜೆ ಹೋದರೆ ದೀಪ ಹಚ್ಚಿ ಆಗಿತ್ತು. ಹನ್ನೊಂದನೆಯ ಸಲ ಕೊಟ್ಟರು, ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರ ಅರ್ಧಕ್ಕೂ ಕಡಿಮೆ. "ಕಟ್ಟಿಗೆ ನೀವೇ ಒಯ್ದಿರಲ್ಲ" ಅನ್ನುವುದು ಅವರ ಲೆಕ್ಕ. ಅಷ್ಟರಲ್ಲಿ ನನ್ನ ಜೊತೆ ಹಗ್ಗ ಹಿಡಿದ ಇಬ್ಬರಿಗೆ ಕೂಲಿ ಕೊಡಲೆಂದು ನಿಮ್ಮತ್ತೆಯ ಕಿವಿಯೋಲೆ ಅಡವಿಟ್ಟಾಗಿತ್ತು. ಅದನ್ನು ಬಿಡಿಸಿಕೊಳ್ಳಲು ಇನ್ನೊಂದು ಮಳೆಗಾಲ ಹಿಡಿಯಿತು.

ಬಹಳ ವರ್ಷ ಆ ಮನೆಯ ಮೇಲೆ ನನಗೆ ಸಿಟ್ಟಿತ್ತು. ಈಗ ಯೋಚಿಸಿದರೆ, ಅವರು ಮಾಡಿದ್ದು ತಪ್ಪೇ, ಆದರೆ ಆ ತಪ್ಪಿಗೆ ಬಾಗಿಲು ತೆರೆದಿಟ್ಟವನು ನಾನು. "ನೋಡಿ ಕೊಡ್ರಿ" ಅಂದೆನಲ್ಲ, ಅವರು ನೋಡಿದರು, ನೋಡಿದಷ್ಟು ಕೊಟ್ಟರು. ಅಳಿಯಾ, ನಿನ್ನ ಬಾಯಿಂದ ಇನ್ನು ಮೇಲೆ ಆ ಮಾತು ಬರಕೂಡದು. ನಮ್ಮ ಸೀಮೆಯಲ್ಲಿ ಅದನ್ನು ವಿನಯ ಅಂದುಕೊಳ್ಳುತ್ತಾರೆ. ವಿನಯ ಅಲ್ಲ ಅದು. ಹೇಳಬೇಕಾದ ಮಾತನ್ನು ಎದುರಿನವರ ತಲೆಗೆ ಕಟ್ಟುವ ಅಂಜಿಕೆ.

ನಮ್ಮ ಕೆಲಸಕ್ಕೆ ಒಂದು ವಿಶೇಷ ಕಷ್ಟ ಇದೆ. ದರ್ಜಿ ದುಡ್ಡು ಬರುವ ತನಕ ಬಟ್ಟೆ ಇಟ್ಟುಕೊಳ್ಳಬಲ್ಲ. ಗ್ಯಾರೇಜಿನವನು ಗಾಡಿಯ ಕೀಲಿ ಕೈಯಲ್ಲಿ ಹಿಡಿದಿರುತ್ತಾನೆ. ಅಡಿಕೆ ಮಂಡಿಯಲ್ಲಿ, ಮೆಕ್ಕೆಜೋಳದ ಮಾರುಕಟ್ಟೆಯಲ್ಲಿ ತೂಕದ ಚೀಟಿ ಇರುತ್ತದೆ. ಹರಿಹರದ ಹೊಳೆಯಾಚೆ ಕುಮಾರಪಟ್ಟಣದ ಕಾರ್ಖಾನೆಗೆ ನೀಲಗಿರಿ ಕಟ್ಟಿಗೆಯ ಲಾರಿ ಹೋದರೂ ಟನ್ನಿನ ಲೆಕ್ಕ ಚೀಟಿಯಲ್ಲಿ ಬರುತ್ತದೆ. ಮನೆಯಂಗಳದ ಮರಕ್ಕೆ ಇದ್ಯಾವುದೂ ಇಲ್ಲ. ಇಳಿಸಿದ ಟೊಂಗೆಯನ್ನು ನೀನು ಮತ್ತೆ ಅಂಟಿಸಲಾರೆ. ಟೊಂಗೆ ಮನೆಯ ಮೇಲೆ ವಾಲಿರುವ ತನಕ ಮನೆಯವರಿಗೆ ಭಯ, ನಿದ್ದೆ ಇಲ್ಲ, ಎಷ್ಟಾದರೂ ಆಗಲಿ ಅನ್ನುತ್ತಾರೆ. ಟೊಂಗೆ ನೆಲಕ್ಕೆ ಬಂತೋ, ಭಯವೂ ಹೋಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತ ತುಂಗಭದ್ರೆಯ ದಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದು ದುಷ್ಟತನವಲ್ಲ, ಮನುಷ್ಯರ ಮನಸ್ಸು ಇರುವುದೇ ಹಾಗೆ. ಅದಕ್ಕೆ ದುಡ್ಡಿನ ಮಾತು ಮುಗಿಯಬೇಕಾದದ್ದು ಈ ದಡದಲ್ಲೇ, ಮರ ಹತ್ತುವ ಮುಂಚೆ.

ಹಾಗಂತ ಅವರ ಭಯವನ್ನು ಹಿಂಡಬೇಡ. ಮಳೆಗಾಳಿಯ ರಾತ್ರಿ ಕಾರಿನ ಮೇಲೆ ಮರ ಬಿದ್ದಿದೆ ಅಂತ ಕರೆಯುತ್ತಾರೆ. ಆ ಹೊತ್ತಿನಲ್ಲಿ ಮೂರು ಪಟ್ಟು ಹೇಳಿದರೂ ಹೂಂ ಅನ್ನುತ್ತಾರೆ. ಬೆಳಿಗ್ಗೆ ಅದೇ ಹೂಂ ಜಗಳವಾಗುತ್ತದೆ. ರಾತ್ರಿಯ ಕೆಲಸಕ್ಕೆ, ಅಪಾಯಕ್ಕೆ ಎಷ್ಟು ಹೆಚ್ಚು ಬೇಕೋ ಅಷ್ಟು ಹೇಳು, ಅರ್ಧ ಆಗಲೇ ತೆಗೆದುಕೋ, ಉಳಿದದ್ದು ಮುಗಿದ ಕೂಡಲೇ ಅನ್ನು.

ಇನ್ನು ಹಗಲಿನ ಕೆಲಸ. ಫೋನಿನಲ್ಲಿ ರೇಟು ಹೇಳಬೇಡ. "ಒಂದು ಸಣ್ಣ ಗಿಡ ಐತಿ, ಎಷ್ಟು ತಗೊಂತೀಯ?" ಅನ್ನುತ್ತಾರೆ. ಹೋಗಿ ನೋಡಿದರೆ ಎರಡು ಮಹಡಿಯ ಮರ, ನಡುವೆ ಕರೆಂಟಿನ ವೈರು. ಹೋಗು, ಯಜಮಾನರನ್ನೋ ಅಮ್ಮಾವರನ್ನೋ ಹೊರಗೆ ಕರೆ, ಅವರ ಜೊತೆ ಮರದ ಸುತ್ತ ಒಂದು ಸುತ್ತು ಹಾಕು. ಯಾವ ಟೊಂಗೆ, ಎಲ್ಲಿಯ ತನಕ ಅಂತ ಬೆರಳು ತೋರಿಸಿ ಕೇಳು. ಬುಡ ಬಿಡುವುದೋ ಕೀಳುವುದೋ? ಸೊಪ್ಪುಸದೆ ಯಾರು ಸಾಗಿಸುವುದು? ವೈರು ಹತ್ತಿರ ಇದ್ದರೆ ಬೆಸ್ಕಾಂನವರು ಬಂದು ಲೈನ್ ಆಫ್ ಮಾಡುವ ತನಕ ಮರ ಮುಟ್ಟುವುದಿಲ್ಲ, ಕಾದ ಹೊತ್ತಿಗೂ ಕೂಲಿ ಇದೆ ಅಂತ ಆಗಲೇ ತಿಳಿಸು. ಈ ಒಂದು ಸುತ್ತಿಗೆ ಕಾಲು ಗಂಟೆ ಸಾಕು. ನನ್ನ ಅನುಭವದಲ್ಲಿ ಬಾಕಿ ನಿಲ್ಲುವುದು ಬಹುಪಾಲು ಆ ಕಾಲು ಗಂಟೆ ಉಳಿಸಿದ ಮನೆಗಳಲ್ಲೇ.

ಕಟ್ಟಿಗೆಯ ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಜಗಳಗಳ ತಾಯಿಬೇರು ಅಲ್ಲೇ ಇದೆ. ಮನೆಯವರ ಕಣ್ಣಿಗೆ ಮರ ಅಂದರೆ ಬೆಲೆಬಾಳುವ ವಸ್ತು. "ಇಷ್ಟು ಕಟ್ಟಿಗೆ ನಿನಗೇ ಬಿಟ್ಟೀನಿ, ಮೇಲೆ ಕೂಲಿ ಬೇರೆ ಕೊಡಬೇಕೇನು?" ಅನ್ನುತ್ತಾರೆ. ಅವರ ಮಾತಿನಲ್ಲಿ ಒಂದಿಷ್ಟು ನ್ಯಾಯವೂ ಇದೆ. ಹುಣಸೆ, ಬೇವು, ಮಾವಿನ ದಪ್ಪ ದಿಮ್ಮಿಯಾದರೆ ಕೊಳ್ಳುವವರಿದ್ದಾರೆ, ಬೇಕರಿಯ ಒಲೆ, ಬೆಣ್ಣೆದೋಸೆ ಹೋಟೆಲಿನ ಒಲೆ ಇನ್ನೂ ಕಟ್ಟಿಗೆ ಕೇಳುತ್ತವೆ. ಆದರೆ ಗುಲ್‌ಮೊಹರ್, ಬಾದಾಮಿ, ನುಗ್ಗೆ? ಒಣಗುವ ಹೊತ್ತಿಗೆ ಹಗುರವಾಗಿ, ಹುಳ ಹಿಡಿದು, ಟ್ರ್ಯಾಕ್ಟರ್ ಬಾಡಿಗೆಯೂ ಹುಟ್ಟುವುದಿಲ್ಲ. ಸೊಪ್ಪು ಅಂತೂ ಪೂರ್ತಿ ಖರ್ಚಿನ ಬಾಬತ್ತು. ಇದನ್ನು ಮನೆಯವರಿಗೆ ಗೊತ್ತಿರಲಿ ಅಂತ ನೀನು ನಿರೀಕ್ಷಿಸುವ ಹಾಗಿಲ್ಲ, ಬಿಡಿಸಿ ಹೇಳಬೇಕಾದವನು ನೀನು. ಎರಡು ಬೆಲೆ ಹೇಳು. "ಕಟ್ಟಿಗೆ ಕೊಯ್ದು ನಿಮ್ಮ ಹಿತ್ತಲಲ್ಲೇ ಒಟ್ಟಿದರೆ ಆರು ಸಾವಿರ. ನಾವು ಒಯ್ದರೆ ನಾಲ್ಕೂವರೆ. ಯಾವುದು ಮಾಡಾಣ?" ಆರಿಸಿಕೊಳ್ಳುವವರು ಅವರು. ತಾವೇ ಆರಿಸಿದ ಮೇಲೆ ಸಂಜೆ ಹೊತ್ತು ಕಟ್ಟಿಗೆಯ ಮಾತು ಎತ್ತುವುದಿಲ್ಲ. ಹುಣಸೆಮರದ ಯಜಮಾನರಿಗೆ ಈ ಎರಡು ಬೆಲೆ ಹೇಳಿದ್ದರೆ ನಿಮ್ಮತ್ತೆಯ ಓಲೆ ಕಿವಿಯಲ್ಲೇ ಇರುತ್ತಿತ್ತು.

ದುಡ್ಡು ಕೊಡುವವರು ಯಾರು ಅನ್ನುವುದನ್ನೂ ಮೊದಲೇ ತಿಳಿದುಕೋ. ಕರೆದವರು ಬೇರೆ, ಚೀಲ ಹಿಡಿದವರು ಬೇರೆ ಆಗಿರುತ್ತಾರೆ. ಬಾಡಿಗೆಯವರು ಕರೆಯುತ್ತಾರೆ, ಮರ ಮನೆ ಮಾಲೀಕರದು. ತಮ್ಮ ಕರೆಯುತ್ತಾನೆ, ಅಣ್ಣ ಒಪ್ಪಿರುವುದಿಲ್ಲ. ಕಾಂಪೌಂಡಿನ ಗಡಿಯಲ್ಲಿರುವ ಮರವಾದರೆ ಎರಡೂ ಮನೆಯವರ ಬಾಯಿಂದ ಒಪ್ಪಿಗೆ ಬರದೆ ಏಣಿ ಇಡಬೇಡ. ಮಗ ಬೆಂಗಳೂರಿನಲ್ಲಿ, ಅಪ್ಪ ಅವ್ವ ಇಲ್ಲಿ ಇರುವ ಮನೆಗಳು ಈಗ ಬೀದಿಗೆ ನಾಲ್ಕಿವೆ. ಆ ಮಗನ ನಂಬರು ತೆಗೆದುಕೋ, ಮರದ ಫೋಟೊ ಕಳಿಸು, ಬೆಲೆ ಬರೆದು ಕಳಿಸು, ಅವನು ಆಗಲಿ ಅಂದ ಮೇಲೆ ಕೆಲಸ ಶುರು ಮಾಡು. ಮುದುಕರನ್ನು ದುಡ್ಡಿಗಾಗಿ ಬಾಗಿಲಲ್ಲಿ ನಿಲ್ಲಿಸುವುದು ನಮಗೂ ಶೋಭೆಯಲ್ಲ.

ಕಡಿಯುವ ಕೆಲಸವಾದರೆ ಇನ್ನೊಂದಿದೆ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರ ಕಡಿಯುವುದಕ್ಕೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಇಂಥ ಕೆಲವಕ್ಕೆ ಮಾತ್ರ ವಿನಾಯಿತಿ. "ನಮ್ಮನೆ ಮರ, ಯಾರು ಕೇಳ್ತಾರೆ, ಕಡಿ" ಅನ್ನುವವರು ಸಿಗುತ್ತಾರೆ. ಕಾನೂನಿನ ಭಯಕ್ಕೆ ಅಂತ ಅಷ್ಟೇ ಅಲ್ಲ, ನಿನ್ನ ಕೂಲಿಯ ದೃಷ್ಟಿಯಿಂದಲೂ ಹೇಳುತ್ತೇನೆ: ಅನುಮತಿ ಇಲ್ಲದ ಮರ ಕಡಿದವನು ದುಡ್ಡು ಬರದಿದ್ದರೆ ಯಾರ ಹತ್ತಿರವೂ ಹೋಗಲಾರ. ಕಾನೂನು ಬಾಹಿರ ಕೆಲಸದ ಒಪ್ಪಂದವನ್ನು 1872ರ ಕರಾರು ಕಾಯ್ದೆ ಒಪ್ಪಂದ ಅಂತಲೇ ಎಣಿಸುವುದಿಲ್ಲ. ಅದು ಆ ಮನೆಯವರಿಗೂ ಗೊತ್ತಿರುತ್ತದೆ. ಅನುಮತಿ ಪತ್ರ ಕಣ್ಣಾರೆ ನೋಡು, ಫೋನಿನಲ್ಲಿ ಅದರ ಫೋಟೊ ಇಟ್ಟುಕೋ.

ಮಾತು ಮುಗಿದ ಮೇಲೆ ಬರೆ. ನನ್ನದು ಕಾರ್ಬನ್ ಹಾಳೆ ಹಾಕುವ ಸಣ್ಣ ಬಿಲ್ ಪುಸ್ತಕ, ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಹೀಗೆ ಬರೆಯುತ್ತೇನೆ: ಬೇವಿನ ಮರ 1. ಟ್ಯಾಂಕಿನ ಕಡೆಯ ಟೊಂಗೆ 3. ಸೊಪ್ಪು ಸಾಗಿಸುವುದು ನಮ್ಮದು, ಕಟ್ಟಿಗೆ ಮನೆಯವರದು. ಒಟ್ಟು 3,500. ಮುಂಗಡ 1,000. ಬಾಕಿ 2,500 ಕೆಲಸ ಮುಗಿದ ಕೂಡಲೇ. ಕೆಳಗೆ ದಿನಾಂಕ, ನನ್ನ ಸಹಿ, ಅವರ ಸಹಿ. ಒಂದು ಹಾಳೆ ಅವರಿಗೆ, ಒಂದು ನನಗೆ. ವಾಟ್ಸಾಪ್ ಇದ್ದವರಿಗೆ ಅದರದೇ ಫೋಟೊ ಕಳಿಸು. "ಕೂಡಲೇ" ಅನ್ನುವ ಪದವನ್ನು ಬಿಡಬೇಡ. ಮೊದಲು ಬರೆಯುವಾಗ ನನಗೂ ಸಂಕೋಚ ಆಗುತ್ತಿತ್ತು, ಅನುಮಾನ ಪಟ್ಟಂತೆ ಆಗುತ್ತದೇನೋ ಅಂತ. ಹಾಗೇನೂ ಆಗಲಿಲ್ಲ. ಬರೆದು ಕೊಟ್ಟ ಮೇಲೆ ಜನ ನನ್ನನ್ನು "ಬಾರೋ" ಅನ್ನುವುದು ಬಿಟ್ಟು "ಬಾರಪ್ಪ" ಅನ್ನತೊಡಗಿದರು.

ಸಣ್ಣ ಕೆಲಸಕ್ಕೆ ಮುಂಗಡ ಕೇಳಬೇಡ. ತೆಂಗಿನಮರ ಹತ್ತಿ ಕಾಯಿ ಇಳಿಸುವುದು, ಒಣಗಿದ ಗರಿ ತೆಗೆಯುವುದು ಮರವೆಣಿಕೆಯ ಲೆಕ್ಕ, ಇಳಿದ ಕೂಡಲೇ ಕೈಗೆ. ಟ್ರ್ಯಾಕ್ಟರ್, ಇಬ್ಬರು ಮೂವರು ಆಳು, ಒಂದು ದಿನ ಮೀರಿದ ಕೆಲಸ ಅಂದರೆ ಮೂರರಲ್ಲಿ ಒಂದು ಪಾಲು ಮುಂಚೆಯೇ ಬರಬೇಕು. ಪೆಟ್ರೋಲಿಗೆ, ಚೈನಿಗೆ, ಬಾಡಿಗೆಗೆ ಅಂತ ಕಾರಣ ಹೇಳಿ ಕೇಳು, ಬಹುಪಾಲು ಜನ ಇಲ್ಲ ಅನ್ನುವುದಿಲ್ಲ. ಆ ಒಂದು ಪಾಲನ್ನೂ ಕೊಡದವರು ಉಳಿದ ಎರಡು ಪಾಲನ್ನು ಸಂಜೆ ಕೊಡುತ್ತಾರೆ ಅಂತ ನಂಬಬೇಡ. ಅಂಥ ಕೆಲಸ ಹೋದರೆ ಹೋಗಲಿ.

ಕೆಲಸದ ನಡುವೆ ಕೆಳಗಿನಿಂದ ಒಂದು ಕೂಗು ಬರುತ್ತದೆ: "ಹೆಂಗೂ ಮ್ಯಾಲೆ ಅದೀಯಲ್ಲ, ಆ ಇನ್ನೊಂದು ಟೊಂಗೇನೂ ತೆಗೆದುಬಿಡು." ನೀನು ಮೇಲೆ ಹಗ್ಗಕ್ಕೆ ಜೋತು ಬಿದ್ದಿರುತ್ತೀಯ, ಆಗಲಿ ಅಂದುಬಿಡುತ್ತೀಯ. ಅದು ಅರ್ಧ ದಿನದ ಟೊಂಗೆ. ಮಷಿನ್ ಆಫ್ ಮಾಡಿ ಅಲ್ಲಿಂದಲೇ ಹೇಳು: "ಅದಕ್ಕೆ ಎಂಟುನೂರು ಬೇರೆ ಆಗ್ತೈತ್ರಿ, ತೆಗೀಲಾ?" ಆಗಲಿ ಅಂದರೆ ತೆಗೆ.

ಸಂಜೆ ದುಡ್ಡು ಕೇಳುವ ಹೊತ್ತು ಬರುವುದು ಅಂಗಳ ಗುಡಿಸಿದ ಮೇಲೆ. ಹುಡುಗರು ಇಲ್ಲೇ ಎಡವುತ್ತೀರಿ. ಟೊಂಗೆ ಬಿದ್ದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೀರಿ. ಮನೆಯ ಹೆಂಗಸರಿಗೆ ಕೆಲಸ ಮುಗಿಯುವುದು ಗರಗಸದ ಪುಡಿ ರಂಗೋಲಿ ಹಾಕುವ ಜಾಗದಿಂದ ಹೋದಾಗ. ಮೋರಿಯಲ್ಲಿ ಸೊಪ್ಪು ಕಟ್ಟಿಕೊಂಡಿದ್ದರೆ, ಗೇಟಿನ ಮುಂದೆ ಮುಳ್ಳು ಬಿದ್ದಿದ್ದರೆ ಅವರ ಕೈ ಪರ್ಸಿನ ಕಡೆ ಹೋಗುವುದಿಲ್ಲ, ಅದು ಸರಿಯೂ ಹೌದು. ಗುಡಿಸಿ, ಒಂದು ಬಕೆಟ್ ನೀರು ಹಾಕಿ, ಏನಾದರೂ ಒಡೆದಿದ್ದರೆ ನೀನೇ ಮುಂದಾಗಿ ತೋರಿಸು. ಆಮೇಲೆ ಅವರನ್ನು ಹೊರಗೆ ಕರೆ. "ಮಾತಾಡಿದಂಗೆ ಮುಗಿಸೀವ್ರಿ, ಒಂದ್ಸಲ ನೋಡಿಬಿಡ್ರಿ. ಬಾಕಿ ಎರಡೂವರೆ ಸಾವಿರ." ಇಷ್ಟೇ. ಆಮೇಲೆ ಸುಮ್ಮನೆ ನಿಲ್ಲು. "ನಿಧಾನಕ್ಕೆ ಕೊಡ್ರಿ, ಅವಸರ ಇಲ್ಲ" ಅಂತ ನೀನಾಗಿ ಸೇರಿಸಬೇಡ. ಅವಸರ ಇದೆ, ಸಂಘದ ಕಂತು ಇದೆ. ಮಂಗಳವಾರ, ಶುಕ್ರವಾರ ದುಡ್ಡು ಹೊರಗೆ ಕೊಡದ ಮನೆಗಳಿವೆ, ದೀಪ ಹಚ್ಚಿದ ಮೇಲೆ ಕೊಡದವರೂ ಇದ್ದಾರೆ. ಅವರ ನಂಬಿಕೆಯನ್ನು ಹೀಗಳೆಯಬೇಡ, ಬೆಳಿಗ್ಗೆಯೇ ವಿಚಾರಿಸಿ ಅಂಥ ಮನೆಯ ಕೆಲಸವನ್ನು ಬೇರೆ ದಿನಕ್ಕೆ ಹಾಕಿಕೋ, ಹಗಲಿರುವಾಗಲೇ ಮುಗಿಸು.

ಚಿಲ್ಲರೆ ಇಲ್ಲ ಅನ್ನುವ ನೆಪ ನಿನ್ನ ಕಾಲಕ್ಕೆ ಉಳಿದಿಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ಮಂಡಕ್ಕಿ ಗಾಡಿಯವರೂ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ನೀನೂ ಬಿಲ್ ಪುಸ್ತಕದ ರಟ್ಟಿನ ಮೇಲೆ ನಿನ್ನ ಖಾತೆಯ ಕೋಡ್ ಅಂಟಿಸು. ಅವರು ಫೋನು ತೋರಿಸಿ "ಹೋಯ್ತು ನೋಡು" ಅಂದರೆ ಸಾಲದು, ನಿನ್ನ ಬ್ಯಾಂಕಿನ ಮೆಸೇಜು ಬರುವ ತನಕ ಅಲ್ಲೇ ಇರು. ಇನ್ನೊಂದು, ಯಾರೋ ಫೋನು ಮಾಡಿ ಮರ ಕಡಿಯುವ ಕೆಲಸ ಇದೆ, ಅಡ್ವಾನ್ಸ್ ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತು ಅಂದರೆ ಒತ್ತಬೇಡ. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ, ಹೋಗುವುದಕ್ಕೆ ಮಾತ್ರ ಬೇಕು.

ಕೇಳುವುದಕ್ಕೆ ನಾಚಿಕೆ ಅಂದೆಯಲ್ಲ ಬೆಳಿಗ್ಗೆ. ಆ ಮಾತು ನನ್ನ ಎದೆಗೆ ನಾಟಿತು. ನಮ್ಮೂರ ಹೆದ್ದಾರಿಯ ಪಕ್ಕ ರೈತ ಹುತಾತ್ಮರ ಸ್ಮಾರಕ ಇದೆ, ನೀನು ದಿನಾ ಅದರ ಮುಂದೆಯೇ ಹೋಗುತ್ತೀಯ. 1992ರಲ್ಲಿ ರೈತ ಹೋರಾಟದ ಹೊತ್ತಿಗೆ ಇಲ್ಲಿ ನಡೆದ ಗೋಲಿಬಾರಿನಲ್ಲಿ ಇಬ್ಬರು ರೈತರು ಜೀವ ಕೊಟ್ಟರು. ಅವರ ಹೋರಾಟಕ್ಕೂ ನಿನ್ನ ಬಾಕಿಗೂ ನಾನು ಸಾಟಿ ಕಟ್ಟುವುದಿಲ್ಲ. ಆದರೆ ದುಡಿಯುವವರು ಬಾಯಿಬಿಟ್ಟು ಕೇಳಿದ ನೆಲ ಇದು. ಇಲ್ಲಿ ಹುಟ್ಟಿದವನು ತನ್ನ ಕೂಲಿ ಕೇಳಲು ತಲೆ ತಗ್ಗಿಸಬಾರದು. ನಿನ್ನಜ್ಜಿ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳುತ್ತಿದ್ದಳು, ನೆನಪಿದೆಯಾ? ಗಂಡ ಮಾರಯ್ಯ ಒಂದು ದಿನ ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಅಂದ ಶರಣೆ. ನಾವು ಆ ಕಥೆಯಿಂದ ಆಸೆ ಪಡಬಾರದು ಅನ್ನುವುದನ್ನಷ್ಟೇ ಕಲಿತೆವು. ಹೆಚ್ಚಾದದ್ದನ್ನು ಸುರಿದು ಬಾ ಅಂದವಳು ದಿನದ ಪಾಲನ್ನು ಬಿಟ್ಟು ಬಾ ಅನ್ನಲಿಲ್ಲ. ಆ ಪಾಲಿನಲ್ಲೇ ಮನೆಯ ಒಲೆ, ಜಂಗಮರ ದಾಸೋಹ ಎರಡೂ ನಡೆಯಬೇಕಿತ್ತು.

ಬಿಡಬೇಕಾದ ಕಡೆ ಬಿಡು. ಒಂಟಿ ಮುದುಕಿ, ಮನೆಯ ಮೇಲೆ ಒಣಮರ, ಕೈಯಲ್ಲಿ ಪೆನ್ಷನ್ ಬಿಟ್ಟರೆ ಬೇರೆ ಇಲ್ಲ. ಅಂಥ ಕಡೆ ಹತ್ತುವ ಮುಂಚೆಯೇ "ಅವ್ವಾ, ಪೆಟ್ರೋಲಿನ ದುಡ್ಡಷ್ಟೇ ಕೊಡು" ಅನ್ನು. ಅದು ನೀನು ಮನಸಾರೆ ಕೊಟ್ಟದ್ದು. ಕೇಳಲಾರದೆ ಕಳೆದುಕೊಂಡದ್ದನ್ನು ದಾನ ಅಂತ ಕರೆದುಕೊಳ್ಳಬೇಡ.

ಈಗ ನಿನ್ನ ಮೂರು ಬಾಕಿ. ನಿಜಲಿಂಗಪ್ಪ ಬಡಾವಣೆಯವರು ಮರೆತಿದ್ದಾರೆ, ಅಷ್ಟೇ. ಭಾನುವಾರ ಬೆಳಿಗ್ಗೆ ಎಂಟಕ್ಕೆ ತೊಳೆದ ಅಂಗಿ ಹಾಕಿಕೊಂಡು ಹೋಗು, ಕೆಲಸದ ದಿನಾಂಕ, ಮೊತ್ತ ಹೇಳು, ಕೈಯಲ್ಲಿ ಬರೆದ ಚೀಟಿ ಇರಲಿ. ಇವತ್ತು ಆಗದಿದ್ದರೆ ಯಾವ ದಿನ ಅಂತ ಅವರ ಬಾಯಿಂದಲೇ ದಿನ ಕೇಳು, ಚೀಟಿಯಲ್ಲಿ ಅವರಿಂದಲೇ ಬರೆಸಿ ಸಹಿ ಹಾಕಿಸಿಕೋ. ವಿದ್ಯಾನಗರದಲ್ಲಿ ಕರೆದದ್ದು ಬಾಡಿಗೆಯವರು, ಕೊಡಬೇಕಾದವರು ಮಾಲೀಕರು. ಮಾಲೀಕರ ನಂಬರು ತೆಗೆದುಕೊಂಡು ಫೋಟೊ ಸಮೇತ ವಿಷಯ ತಿಳಿಸು. ಹರಿಹರದ ಮನೆಯಲ್ಲಿ ನಿನ್ನ ದಿಮ್ಮಿ ಬಿದ್ದು ತುಳಸಿಕಟ್ಟೆಯ ಅಂಚು ಒಡೆದಿದೆ ಅಂದೆ. ಅದನ್ನು ನೀನು ಸಣ್ಣದು ಅಂದುಕೊಂಡಿದ್ದೀಯ, ಆ ಮನೆಯ ಅಮ್ಮಾವರಿಗೆ ಅದು ಸಣ್ಣದಲ್ಲ. ಗಾರೆ ಕೆಲಸದವನನ್ನು ಕರೆದುಕೊಂಡು ಹೋಗಿ ಕಟ್ಟೆ ಸರಿ ಮಾಡಿಸು, ಆಮೇಲೆ ದುಡ್ಡಿನ ಮಾತು. ಅಲ್ಲಿ ನಿಂತಿರುವುದು 1,800 ರೂಪಾಯಿಯಲ್ಲ, ಕ್ಷಮೆ.

ಎಲ್ಲೇ ಹೋದರೂ ಬೀದಿಯಲ್ಲಿ ದನಿ ಎತ್ತಬೇಡ. ಬಾಗಿಲಿಗೆ ಅಡ್ಡ ಕೂರುವುದು, ಅಂಗಳದ ಸಾಮಾನು ಎತ್ತಿಕೊಂಡು ಬರುವುದು ಬೇಡವೇ ಬೇಡ. ನ್ಯಾಯ ನಿನ್ನ ಕಡೆ ಇದ್ದದ್ದು ಆ ಒಂದು ಗಳಿಗೆಯಲ್ಲಿ ಅವರ ಕಡೆ ಹೋಗುತ್ತದೆ. ಕೊಡದೇ ಹೋದರೆ ದಾರಿ ಇದೆ. ಮಾಡಿದ ಕೆಲಸದ ಕೂಲಿಗೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಮೂರು ವರ್ಷ ಕೊಡುತ್ತದೆ. ಆ ಮೂರು ವರ್ಷದೊಳಗೆ ಅವರು ಬಾಕಿ ಇದೆ ಅಂತ ಬರೆದು ಸಹಿ ಹಾಕಿದರೆ ಎಣಿಕೆ ಮತ್ತೆ ಅಲ್ಲಿಂದ ಶುರು. ಸಣ್ಣ ಮೊತ್ತಕ್ಕೆ ಕೋರ್ಟು ಕಚೇರಿ ಅಲೆಯಬೇಕಿಲ್ಲ. ದಾವಣಗೆರೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಹರಿಹರದಲ್ಲಿ ತಾಲ್ಲೂಕು ಸಮಿತಿ ಇದೆ. ದಾವೆ ಹೂಡುವ ಮುಂಚೆಯೇ ಲೋಕ ಅದಾಲತ್ತಿಗೆ ಅರ್ಜಿ ಕೊಡಬಹುದು, ಕೋರ್ಟ್ ಫೀ ಇಲ್ಲ, ಇಬ್ಬರೂ ಒಪ್ಪಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬಲ. ಚೆಕ್ ಕೊಟ್ಟು ಅದು ವಾಪಸ್ ಬಂದರೆ ತಡ ಮಾಡಬೇಡ. ಬ್ಯಾಂಕಿನ ಚೀಟಿ ಕೈಗೆ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು. ನನ್ನ ಇಷ್ಟು ವರ್ಷದಲ್ಲಿ ಲೋಕ ಅದಾಲತ್ತಿನ ತನಕ ಹೋದದ್ದು ಒಂದೇ ಸಲ. ನೋಟಿಸ್ ತಲುಪಿದ ವಾರದಲ್ಲೇ ದುಡ್ಡು ಬಂತು.

ನಿನ್ನ ಜೊತೆ ಹಗ್ಗ ಹಿಡಿಯುವ ಹುಡುಗನ ಕೂಲಿ ಮಾತ್ರ ಈ ಯಾವುದಕ್ಕೂ ಕಾಯಬಾರದು. ಮನೆಯವರು ಕೊಡಲಿ ಬಿಡಲಿ, ಅವನ ದುಡ್ಡು ಅವತ್ತೇ ಸಂಜೆ ಅವನ ಕೈಗೆ. ಅವನು ಹಗ್ಗ ಸಡಿಲ ಬಿಟ್ಟರೆ ನೀನಿಲ್ಲ. ಅವನ ಬ್ಯಾಂಕ್ ಖಾತೆಯಿಂದಲೂ ನಿನ್ನ ಖಾತೆಯಿಂದಲೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸು. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಮರದ ಕೆಲಸದವನಿಗೆ ಅದು ಏನೇನೂ ಸಾಲದು, ಆದರೂ ಇಲ್ಲದಿರುವುದಕ್ಕಿಂತ ಮೇಲು.

ಹರಿಹರದಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಮನೆಗೆ ನಾನು ಹಲವು ವರ್ಷ ತೆಂಗು, ಮಾವು ಸವರಲು ಹೋಗುತ್ತಿದ್ದೆ. ಬೆಲೆ ಮಾತಾಡಿದ ಕೂಡಲೇ ಒಳಗೆ ಹೋಗಿ ಅಷ್ಟೂ ದುಡ್ಡು ಎಣಿಸಿ ತಂದು, ಜಗಲಿಯ ಮೇಲೆ ಹಿತ್ತಾಳೆ ಚೊಂಬಿನ ಕೆಳಗೆ ಇಡುತ್ತಿದ್ದರು. ಮರದ ತುದಿಯಿಂದ ನೋಡಿದರೆ ಆ ಚೊಂಬು ಬಿಸಿಲಿಗೆ ಹೊಳೆಯುತ್ತಿತ್ತು. ಇಳಿದು, ಗುಡಿಸಿ, ಕೈಕಾಲು ತೊಳೆದ ಮೇಲೆ ಅವರು ಚೊಂಬು ಎತ್ತುತ್ತಿದ್ದರು. ನಾನು ಕೇಳಿದ್ದೇ ಇಲ್ಲ, ಅವರು ಕೇಳಿಸಿಕೊಂಡದ್ದೂ ಇಲ್ಲ. ಆ ಮನೆಯ ಮರ ಸವರುವಾಗ ನನ್ನ ಕೈ ಒಂದು ಸಲವೂ ಅವಸರ ಮಾಡಲಿಲ್ಲ. ಅಂಥ ಮನೆ ಸಿಕ್ಕರೆ ಬಿಡಬೇಡ, ಬೇರೆ ಕೆಲಸ ಬದಿಗಿಟ್ಟು ಮೊದಲು ಅವರಲ್ಲಿಗೆ ಹೋಗು.

ಸೋಮವಾರ ದಾವಣಗೆರೆಯ ಎಂಸಿಸಿ ಬಿ ಬ್ಲಾಕಿನಲ್ಲಿ ಹೊಂಗೆಮರ ನೋಡಲು ಬಾ ಅಂದಿದ್ದಾರೆ ಅಂದೆಯಲ್ಲ, ಮಷಿನ್ ಇಲ್ಲೇ ಬಿಟ್ಟು ಹೋಗು. ನನ್ನ ಹಳೇ ಬಿಲ್ ಪುಸ್ತಕದಲ್ಲಿ ಇನ್ನೂ ನಲವತ್ತು ಹಾಳೆ ಉಳಿದಿವೆ, ಗೂಡಿನಲ್ಲಿ ಇಟ್ಟಿದ್ದೇನೆ, ಕಾರ್ಬನ್ ಹಾಳೆಯೂ ಅದರೊಳಗೇ ಇದೆ. ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗು.